ಮೂರನೆಯ ಸಾಲು

ನಮ್ಮ ಮನೆಯ ಮಕ್ಕಳನ್ನು ಮೊದಲ ದರ್ಜೆ, ಎರಡನೆಯ ದರ್ಜೆ ಎಂದು ಬೇರ್ಪಡಿಸಿದವರು ನೀವು. ಈ ಮಾತನ್ನು ನಾನು ಒಂದು ಕಾಫಿ ಕಂಪನಿಯ ಆಡಳಿತ ಮಂಡಳಿಗೆ ಹೇಳುತ್ತಿದ್ದೇನೆ. ಬ್ರಿಟಿಷರ ಕಾಲದಲ್ಲಿ ತೋಟಗಳಿಂದ ಬಂದ ಬೀಜವನ್ನು ಮೈಸೂರಿನಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಆರಿಸಿ, ಮೂಟೆ ಕಟ್ಟಿ ಲಂಡನ್ನಿನ ಹರಾಜಿಗೆ ಕಳುಹಿಸುತ್ತಿದ್ದ ಕಂಪನಿ ಅದು. ಇಂದು ಅದೇ ಕಟ್ಟಡದ ತೊಲೆಗಳಿಗೆ ಎಣ್ಣೆ ಬಳಿದು, ಹಿತ್ತಾಳೆಯ ದೀಪ ತೂಗುಹಾಕಿ, ಕಾಫಿ ಮಂದಿರ ನಡೆಸುತ್ತಿದೆ. ಸಾಮ್ರಾಜ್ಯ ಮುಗಿಯಿತು, ಮಾಲೀಕರು ಬದಲಾದರು, ಆಗಿನ ತಪ್ಪುಗಳಿಗೆ ಈಗಿನವರು ಹೊಣೆಯಲ್ಲ ಎಂದು ನೀವು ಹೇಳಬಹುದು. ಆದರೆ ಕಟ್ಟಡವನ್ನು ಕೊಂಡಾಗ ಗೋಡೆಯ ಮೇಲಿನ ಛಾಯಾಚಿತ್ರವನ್ನೂ ಕೊಂಡಿದ್ದೀರಿ. ಅದರ ಕೆಳಗಿನ ಬರಹವನ್ನಂತೂ ನೀವೇ ಹೊಸದಾಗಿ ಕೆತ್ತಿಸಿದ್ದೀರಿ. ಆ ಬರಹಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮವರ ಹೆಸರನ್ನು ನೀವು ಬರೆಯುವ ದಿನದವರೆಗೆ ನಿಮ್ಮದನ್ನು ನಾನೂ ಬರೆಯಲಾರೆ.

ನಜರ್‌ಬಾದಿನ ನಮ್ಮ ಮನೆಗೆ ಮೂರು ಕೋಣೆ, ಮೂರೂ ಒಂದರ ಹಿಂದೊಂದು. ಬೀದಿಯ ಕಡೆಯದರಲ್ಲಿ ಮಾತೆ ಮರಿಯಮ್ಮನವರ ಪಟ, ಅಪ್ಪನ ಸೈಕಲ್ಲು, ನೆಂಟರಿಗೆಂದು ಮೀಸಲಿಟ್ಟ ಎರಡು ಕುರ್ಚಿ. ನಡುವಿನದರಲ್ಲಿ ನಾವು ನಾಲ್ವರೂ ಮಲಗುತ್ತಿದ್ದೆವು: ಅಪ್ಪ, ಅಮ್ಮ, ನಾನು, ಅಪ್ಪನ ತಾಯಿ ಲೂರ್ದಮ್ಮಜ್ಜಿ. ಕೊನೆಯದು ಅಡುಗೆಮನೆ, ಅದರ ಬಾಗಿಲು ಹಿತ್ತಿಲ ಕಡಪಾ ಕಲ್ಲಿನ ಜಗಲಿಗೆ ತೆರೆಯುತ್ತಿತ್ತು. ಆ ಜಗಲಿಯೇ ಅಜ್ಜಿಯ ರಾಜ್ಯ. ಬೆಳಗಿನ ಬಿಸಿಲು ಗೋಡೆ ಇಳಿದು ಕಲ್ಲಿಗೆ ಬಂದೊಡನೆ ಅವಳು ಮೊರ ಹಿಡಿದು ಕೂರುತ್ತಿದ್ದಳು, ಎಡಗಾಲು ಮಡಚಿ, ಬಲಗಾಲು ಚಾಚಿ. ಅಜ್ಜಿ ಹರೆಯಕ್ಕೆ ಬರುವ ಮೊದಲೇ ಆಗ ಕಾಫಿ ವರ್ಕ್ಸ್ ಎನ್ನುತ್ತಿದ್ದ ನಿಮ್ಮ ಆ ಕಟ್ಟಡದ ಕೆಲಸಕ್ಕೆ ಸೇರಿದವಳು. ಅವಳಿಗೂ ಮೊದಲು ಅವಳ ತಾಯಿ ಅಲ್ಲಿದ್ದಳು. ಇಬ್ಬರದೂ ಒಂದೇ ಕೆಲಸ: ನೆಲದ ಮೇಲೆ ಸಾಲಾಗಿ ಕೂತು ಹಸಿರು ಬೀಜವನ್ನು ಆರಿಸುವುದು. ಕರಿ ಬೀಜ ಒಂದು ಕಡೆಗೆ, ಒಡೆದ ನುಚ್ಚು ಒಂದು ಕಡೆಗೆ, ಚಪ್ಪಟೆ ಬೀಜ ಇನ್ನೊಂದು ಕಡೆಗೆ. ಹಣ್ಣಿನೊಳಗೆ ಜೋಡಿಯಿಲ್ಲದೆ ಉರುಟಾಗಿ ಬೆಳೆದ ಒಂಟಿ ಬೀಜ, ಎಲ್ಲರೂ ಪೀಬೆರಿ ಎನ್ನುವುದು, ಎಲ್ಲಕ್ಕಿಂತ ಮೇಲಿನ ರಾಶಿಗೆ. ಆ ರಾಶಿ ಹಡಗು ಹತ್ತುತ್ತಿತ್ತು.

ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಅಜ್ಜಿಯ ಬೆರಳು ಆರಿಸುವುದನ್ನು ಬಿಟ್ಟಿರಲಿಲ್ಲ. ದೇವರಾಜ ಮಾರುಕಟ್ಟೆಯ ಹಿಂದಿನ ಅಂಗಡಿಯಿಂದ ಆರಿಸದ ಬೀಜವನ್ನು ತರಿಸಿ ಜಗಲಿಯ ಮೇಲೆ ತಾನೇ ರಾಶಿ ಮಾಡುತ್ತಿದ್ದಳು. ಪೀಬೆರಿಗೆ ಹಡಗಿನ ಚಿತ್ರವಿದ್ದ ಬಿಸ್ಕತ್ತಿನ ಡಬ್ಬ. ನುಚ್ಚು ಮತ್ತು ಕರಿ ಬೀಜಕ್ಕೆ ಮುಚ್ಚಳ ಕಳೆದುಹೋದ ಹಿಂಡಾಲಿಯಂ ಪಾತ್ರೆ. ನುಚ್ಚನ್ನು ಹುರಿದು, ಚಿಕೋರಿ ಬೆರೆಸಿ, ಬೆಲ್ಲ ಹಾಕಿ ಕುದಿಸಿದ್ದು ನಮ್ಮ ಮನೆಯ ಕಾಫಿ. ಡಬ್ಬದ ಮುಚ್ಚಳ ತೆಗೆಯುತ್ತಿದ್ದುದು ಭಾನುವಾರ, ಚರ್ಚಿನ ಪೂಜೆ ಮುಗಿಸಿ ಸಿದ್ಧಾರ್ಥನಗರದ ಚಿಕ್ಕಪ್ಪ ತನ್ನ ಮಗಳು ರೀಟಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಾಗ ಮಾತ್ರ. ರೀಟಾ ನನಗಿಂತ ನಾಲ್ಕು ತಿಂಗಳಿಗೆ ದೊಡ್ಡವಳು. ಆ ನಾಲ್ಕು ತಿಂಗಳನ್ನು ನಾನು ಅವಳಿಗೆ ಎಂದೂ ಕ್ಷಮಿಸಲಿಲ್ಲ.

ಬೀಜವನ್ನು ಆರಿಸುವುದು ಬೀಜಕ್ಕೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವಿರುತ್ತಿರಲಿಲ್ಲ. ಅಜ್ಜಿ ಎಲ್ಲವನ್ನೂ ಆರಿಸುತ್ತಿದ್ದಳು. ದೋಸೆ ಹುಯ್ದರೆ ಅಂಚು ಹರಿಯದ ದುಂಡನೆಯ ದೋಸೆ ರೀಟಾಳ ತಟ್ಟೆಗೆ. ಕಾವಲಿಗೆ ಅಂಟಿ ಕಿತ್ತುಬಂದದ್ದು ನನಗೆ. ಕ್ರಿಸ್ಮಸ್ಸಿಗೆ ಅಮ್ಮ ಎರಡು ದಿನ ಒಲೆಯ ಮುಂದೆ ಬೆಂದು ಹೂವಿನಾಕಾರದ ರೋಸ್ ಕುಕ್ಕೀಸ್ ಕರಿದರೆ ಅಜ್ಜಿ ಅವನ್ನು ಹಳೆಯ ಸೀರೆಯ ಮೇಲೆ ಹರಡಿ, ಎಸಳು ಮುರಿಯದವನ್ನೆಲ್ಲ ಸಿದ್ಧಾರ್ಥನಗರದ ಬುಟ್ಟಿಗೆ ಜೋಡಿಸುತ್ತಿದ್ದಳು. ಮುರಿದ ಎಸಳುಗಳನ್ನು ನಾನು ಜನವರಿ ಮುಗಿಯುವವರೆಗೆ ತಿಂದಿದ್ದೇನೆ. ಬಾಳೆಹಣ್ಣು, ಸೀಬೆಹಣ್ಣು, ಬಟ್ಟೆಯಂಗಡಿಯಿಂದ ಬಂದ ರಿಬ್ಬನ್ನಿನ ತುಂಡು, ಒಂದೂ ಆ ಬೆರಳುಗಳಿಂದ ತಪ್ಪಿಸಿಕೊಳ್ಳಲಿಲ್ಲ. ಅಮ್ಮ ಒಮ್ಮೆ ತಡೆಯಲಾರದೆ ಕೇಳಿದಳು.

“ಅತ್ತೆ, ಈ ಮಗೂನೂ ನಿಮ್ಮ ಮೊಮ್ಮಗಳೇ ಅಲ್ವಾ? ಒಂದಿನನಾದ್ರೂ ನೆಟ್ಟಗಿರೋದು ಇವಳ ತಟ್ಟೆಗೆ ಬೀಳಬಾರ್ದಾ?”

“ಅವಳು ಮನೇಲಿ ಇರೋಳು ಕಣಮ್ಮ. ಅದು ಒರಗಡೆಯಿಂದ ಬಂದಿರೋ ಮಗು. ಒಳ್ಳೇದು ಯಾವತ್ತಿದ್ರೂ ಒರಗಡೀಕೆ ತಾನೆ ಓಗೋದು?”

ಅಜ್ಜಿ ಇದನ್ನು ಕೋಪದಿಂದ ಹೇಳಲಿಲ್ಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವವರ ಹಾಗೆ ಹೇಳಿದಳು. ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದುವಾಗ, ವಸಾಹತುಗಳಿಂದ ಉತ್ತಮ ಸರಕು ಹೊರಗೆ ಹರಿದು ಕಳಪೆ ಮಾಲು ಮಾತ್ರ ಒಳಗೆ ಉಳಿಯುತ್ತಿದ್ದ ವ್ಯಾಪಾರದ ಬಗೆಗೆ ನಮ್ಮ ಅಧ್ಯಾಪಕರು ಎರಡು ವಾರ ಪಾಠ ಮಾಡಿದರು. ನಾನು ಒಂದು ಟಿಪ್ಪಣಿಯನ್ನೂ ಬರೆದುಕೊಳ್ಳಲಿಲ್ಲ. ಆ ಪಾಠ ನನಗೆ ಒಡೆದ ದೋಸೆಯಲ್ಲಿ ಆಗಿಹೋಗಿತ್ತು.

ನನ್ನ ಹೊಟ್ಟೆಕಿಚ್ಚು ರೀಟಾಳೊಬ್ಬಳಿಗೆ ಸೀಮಿತವಾಗಿರಲಿಲ್ಲ. ಅದಕ್ಕೆ ಇನ್ನೊಂದು ಗುಂಪೂ ಗುರಿಯಾಗಿತ್ತು, ನಾನು ಎಂದೂ ನೋಡಿರದ ಗುಂಪು. ಪ್ರತಿ ಸಂಜೆ ಮೊದಲ ಕೋಣೆಯಲ್ಲಿ ನಾವು ಜಪಸರ ಹೇಳುತ್ತಿದ್ದೆವು. ಹತ್ತು ಹತ್ತು ಜಪಗಳ ಐದು ದಶಕ ಮುಗಿದ ಮೇಲೆ, ಮಂಡಿ ನೋಯುತ್ತಿದ್ದರೂ, ಅಜ್ಜಿ ಇನ್ನೊಂದಷ್ಟು ಹೊತ್ತು ಏಳಗೊಡುತ್ತಿರಲಿಲ್ಲ. ಕಣ್ಣು ಮುಚ್ಚಿ ಏಳು ಹೆಸರು ಹೇಳುತ್ತಿದ್ದಳು, ದಿನವೂ ಅದೇ ಏಳು, ದಿನವೂ ಅದೇ ಕ್ರಮದಲ್ಲಿ: ಚೌರಮ್ಮ, ಅನ್ನಮ್ಮ, ಕೆಂಪಮ್ಮ, ಸಾಕಮ್ಮ, ಹುಸೇನ್‌ಬಿ, ದೇವೀರಮ್ಮ, ಮರಿಯಮ್ಮ. ಇವರ ಆತ್ಮಕ್ಕೆ ಶಾಂತಿ ಕೊಡು ಸ್ವಾಮಿ. ಆಮೇಲೆ ಮನೆಯವರ ಸರದಿ; ಅದರಲ್ಲೂ ಮೊದಲು ರೀಟಾ, ಕೊನೆಗೆ ನಾನು. ಏಳು ಜನ ಅಪರಿಚಿತ ಹೆಂಗಸರ ಹಿಂದೆ, ರೀಟಾಳ ಹಿಂದೆ, ದೇವರ ಕಿವಿಗೆ ಬೀಳುವ ಹೊತ್ತಿಗೆ ನನ್ನ ಹೆಸರು ಎಷ್ಟು ಸವೆದಿರಬಹುದೆಂದು ಯೋಚಿಸುತ್ತ ನಾನು ಮಂಡಿಯೂರಿರುತ್ತಿದ್ದೆ. ಚೌರಮ್ಮ ಅಜ್ಜಿಯ ತಾಯಿ ಎಂಬುದಷ್ಟೇ ನನಗೆ ಗೊತ್ತಿತ್ತು. ಒಮ್ಮೆ ಮನೆ ಮಂತ್ರಿಸಲು ಬಂದಿದ್ದ ಫಾದರ್ ಈ ಪಟ್ಟಿ ಕೇಳಿ ಮೀಸೆಯಡಿಯಲ್ಲೇ ನಕ್ಕರು.

“ಏನ್ ಲೂರ್ದಮ್ಮ, ಜಪಸರದಲ್ಲಿ ಕೆಂಪಮ್ಮ, ಹುಸೇನ್‌ಬಿ ಎಲ್ಲಾ ಬಂದ್ಬುಟ್ಟವ್ರಲ್ಲ?”

“ಕೂತಿದ್ದು ಅಂಗೇ ಸ್ವಾಮಿ. ಮಧ್ಯದಲ್ಲಿ ಇಬ್ಬರನ್ನ ಎಬ್ಬಿಸ್ಬುಟ್ರೆ ಸಾಲು ಕೆಟ್ಟೋಯ್ತದೆ.”

ಫಾದರ್ ಪವಿತ್ರ ನೀರು ಚಿಮುಕಿಸುತ್ತ ನಡುಕೋಣೆಗೆ ಹೋದರು. ಯಾವ ಸಾಲು ಎಂದು ನಾನು ಕೇಳಲಿಲ್ಲ. ಅಸೂಯೆಪಡುವವರಿಗೆ ವಿಚಾರಿಸುವ ವ್ಯವಧಾನವಿರುವುದಿಲ್ಲ.

ಮಕ್ಕಳು ಚರ್ಚಿನಲ್ಲಿ ಮೊದಲ ಬಾರಿ ಪ್ರಸಾದ ಸ್ವೀಕರಿಸುವ ಪ್ರಥಮ ಪರಮಪ್ರಸಾದ ರೀಟಾಳಿಗೂ ನನಗೂ ಒಂದೇ ದಿನ ನಡೆಯಿತು. ಬಿಳಿಯ ಫ್ರಾಕಿಗೆಂದು ಅಜ್ಜಿ ತನ್ನ ಪೆಟ್ಟಿಗೆಯಿಂದ ಎರಡು ತುಂಡು ಲೇಸು ತೆಗೆದು, ಬೆಳಕಿಗೆ ಹಿಡಿದು, ಬೆರಳಿನಿಂದ ಸವರಿ ನೋಡಿದಳು. ಒಂದರಲ್ಲಿ ಸಾಸಿವೆಯಷ್ಟು ಸಣ್ಣದೊಂದು ತೂತು ಇತ್ತು. ಯಾವ ತುಂಡು ಯಾರ ಕೊರಳಿಗೆ ಬಂತೆಂದು ಹೇಳಬೇಕಾಗಿಲ್ಲ. ಮರುದಿನ ಮಧ್ಯಾಹ್ನ ಅಜ್ಜಿ ತೂಕಡಿಸುತ್ತಿದ್ದಾಗ ನಾನು ಹಡಗಿನ ಡಬ್ಬವನ್ನು ಇಳಿಸಿ, ಅದರ ಪೀಬೆರಿಯನ್ನೆಲ್ಲ ಹಿಂಡಾಲಿಯಂ ಪಾತ್ರೆಯ ನುಚ್ಚಿಗೆ, ಕರಿ ಬೀಜಕ್ಕೆ ಸುರಿದು, ಎರಡು ಕೈಯಿಂದ ಕಲೆಸಿದೆ. ಇಡೀ ಜನ್ಮದಲ್ಲಿ ಅಷ್ಟು ತೃಪ್ತಿ ಕೊಟ್ಟ ಕೆಲಸವನ್ನು ನಾನು ಇನ್ನೊಂದು ಮಾಡಿಲ್ಲ. ಭಾನುವಾರ ರೀಟಾಳಿಗೂ ನುಚ್ಚು ಸಿಗಲಿ ಎಂಬುದಷ್ಟೇ ನನ್ನ ರಾಜಕೀಯ.

ಎದ್ದ ಅಜ್ಜಿ ಪಾತ್ರೆಗೆ ಕೈಯಿಟ್ಟಳು. ಆಗಲೇ ಎರಡು ಕಣ್ಣಿಗೂ ಪೊರೆ ಬಂದಿತ್ತು; ನೋಡಬೇಕಾದ್ದನ್ನು ಬೆರಳಿನಲ್ಲೇ ನೋಡುತ್ತಿದ್ದಳು. ಹೊಡೆಯುತ್ತಾಳೆಂದು ನಾನು ಬಾಗಿಲಿಗೆ ಒತ್ತಿ ನಿಂತೆ. ಹೊಡೆಯಲಿಲ್ಲ. ಕಲ್ಲಿನ ಮೇಲೆ ಎಲ್ಲವನ್ನೂ ಸುರಿದು, ಎಡಗಾಲು ಮಡಚಿ, ಬಲಗಾಲು ಚಾಚಿ ಕೂತಳು.

“ಬಾ, ಪಕ್ಕದಲ್ಲಿ ಕೂತ್ಕೊ. ಮಾಡಿದ್ದು ಯಾಕೆ ಅಂತ ನಂಗೆ ಗೊತ್ತು. ಕೈ ಆಡಿಸು.”

“ನಂಗೆ ಬರಲ್ಲ ಅಜ್ಜಿ.”

“ಕಲೆಸೋಕೆ ಬಂತಲ್ಲ, ಆರ್ಸೋಕೂ ಬತ್ತದೆ.”

ಬಿಸಿಲು ಗೋಡೆಯ ಬುಡದಿಂದ ಹಿತ್ತಿಲ ಬಚ್ಚಲಿಗೆ ಸರಿಯುವವರೆಗೆ ನಾವಿಬ್ಬರೂ ಆರಿಸಿದೆವು. ನಾನು ಒಂದು ಹಿಡಿ ಮುಗಿಸುವುದರೊಳಗೆ ಅವಳ ಮುಂದೆ ನಾಲ್ಕು ರಾಶಿ ಏಳುತ್ತಿತ್ತು. ಅಂದು ಮೊದಲ ಬಾರಿಗೆ ಅಜ್ಜಿ ವರ್ಕ್ಸಿನ ಬಗೆಗೆ ಮಾತಾಡಿದಳು. ಉದ್ದನೆಯ ಶೆಡ್ಡು, ಸಾಲಿಗೆ ಎಂಟು ಹೆಂಗಸರು, ಅಜ್ಜಿಯದು ಮೂರನೆಯ ಸಾಲು. ಯಾರ ಮೊರದಲ್ಲಾದರೂ ಒಂದು ಕರಿ ಬೀಜ ಸಿಕ್ಕಿದರೆ ಎಂಟೂ ಜನರ ರಾಶಿಯನ್ನು ಒಟ್ಟಿಗೆ ಕಲೆಸಿ ಮತ್ತೆ ಮೊದಲಿನಿಂದ ಆರಿಸಲು ಹಚ್ಚುತ್ತಿದ್ದರು. ಸಂಜೆ ಹೊರಡುವಾಗ ಬಾಗಿಲಲ್ಲಿ ಸೆರಗು ಕೊಡವಿ, ತುರುಬು ಬಿಚ್ಚಿ, ಒಂದು ಬೀಜವೂ ಅಂಟಿಕೊಂಡಿಲ್ಲವೆಂದು ತೋರಿಸಬೇಕಿತ್ತು.

“ಆವಾಗ ಆ ಕಾಫಿ ಎಂಗಿರ್ತಿತ್ತು ಅಜ್ಜಿ? ನಿಂಗೆ ಕೊಡ್ತಿದ್ರಾ?”

“ನಮಗ್ಯಾಕೆ ಕೊಟ್ಟಾರು? ವರ್ಕ್ಸಿನ ಬಿಳಿ ದೊರೆ ಹತ್ರ ಒಂದು ನಾಯಿ ಇತ್ತು, ಡ್ಯೂಕ್ ಅಂತ. ಅದಕ್ಕೆ ಬಸಿಯಲ್ಲಿ ಬಿಸ್ಕತ್ತು ನೆನೆಸಿ ಅದೇ ಕಾಫಿ ಇಡೋರು. ಅದು ಮೂಸಿ ನೋಡಿ ಬುಟ್ಬುಡ್ತಿತ್ತು. ನಂಗೆ ಅಂಗೇ ಹೊಟ್ಟೆ ಉರಿಯೋದು. ನಮ್ಮವ್ವ ಸಾಲಿನ ಆ ತುದಿಯಿಂದ ಗದರೋಳು, ತಲೆ ತಗ್ಸು ಅಂತ.”

“ಈಗ ಡಬ್ಬದಲ್ಲಿದೆಯಲ್ಲ, ಮಾಡ್ಕೊಂಡು ಕುಡಿ.”

ಅಜ್ಜಿಯ ಬೆರಳು ಅರೆಕ್ಷಣ ನಿಂತವು. ಹಾಗೊಂದು ದಾರಿಯಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲವೇನೋ. ಆಮೇಲೆ ಮತ್ತೆ ಆಡತೊಡಗಿದವು.

“ನಂಗೆ ಸೇರಲ್ಲ ಬುಡು,” ಎಂದಳು.

ಅದು ಸುಳ್ಳು ಎಂದು ಆ ವಯಸ್ಸಿನಲ್ಲೂ ನನಗೆ ತಿಳಿಯಿತು. ರುಚಿಯನ್ನೇ ನೋಡದವಳು ಸೇರುವುದಿಲ್ಲ ಎನ್ನುವುದು ಹೇಗೆ? ಆದರೆ ನನ್ನ ಸಿಟ್ಟು ಕರಗಲಿಲ್ಲ. ನಾಯಿಯನ್ನು ಕಂಡು ಕರುಬಿದ್ದವಳಿಗೆ ನನ್ನ ಕರುಬು ಅರ್ಥವಾಗಬೇಕಿತ್ತಲ್ಲವೇ? ಅರ್ಥವಾಗಿಯೂ ಭಾನುವಾರ ಡಬ್ಬ ತೆರೆದು ರೀಟಾಳಿಗೇ ಕೊಟ್ಟಳಲ್ಲ! ನಾನು ಆರಿಸಿಕೊಟ್ಟ ಬೀಜದ ಕಾಫಿಯನ್ನು ರೀಟಾ ನೆಂಟರ ಕುರ್ಚಿಯಲ್ಲಿ ಕೂತು, ಕಾಲು ಆಡಿಸುತ್ತ ಕುಡಿದಳು. ನಾನು ನಡುಕೋಣೆಯ ಬಾಗಿಲಿನಿಂದ ಅವಳನ್ನು ನೋಡುತ್ತಿದ್ದೆ, ಲೋಟ ಖಾಲಿಯಾಗುವವರೆಗೂ.

ಕಳೆದ ವರ್ಷ ನಿಮ್ಮ ಕಾಫಿ ಮಂದಿರ ತೆರೆದಾಗ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ರೀಟಾ. ಅವಳು ಈಗ ದಟ್ಟಗಳ್ಳಿಯಲ್ಲಿ ಹಲ್ಲಿನ ಡಾಕ್ಟರು; ನಾನು ಸಂಶೋಧನೆ ಮುಗಿಸಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನಮ್ಮ ನಡುವೆ ದ್ವೇಷವೇನೂ ಉಳಿದಿಲ್ಲ. ಅವಳ ಕಾರಿನ ಬಾಗಿಲು ಮುಚ್ಚುವ ಮೃದುವಾದ ಸದ್ದನ್ನು ಕೇಳಿದಾಗಲೆಲ್ಲ ಲೇಸಿನ ತೂತು ನೆನಪಾಗುತ್ತದೆ, ಅಷ್ಟೆ. ಇಬ್ಬರೂ ಪೀಬೆರಿ ಕಾಫಿ ಹೇಳಿ ಕೂತೆವು. ಎದುರಿನ ಗೋಡೆಯ ಮೇಲೆ, ಒಂದು ಮಂಚದಷ್ಟು ಅಗಲಕ್ಕೆ ಹಿಗ್ಗಿಸಿದ ಹಳೆಯ ಛಾಯಾಚಿತ್ರವಿತ್ತು. ಮುಂದೆ ಟೊಪ್ಪಿ ಧರಿಸಿದ ದೊರೆ, ಕಾಲ ಬಳಿ ನಾಯಿ. ಹಿಂದೆ ಶೆಡ್ಡಿನ ಉದ್ದಕ್ಕೂ ಮೊರಗಳ ಮೇಲೆ ಬಾಗಿದ ತಲೆಗಳು. ಕೆಳಗೆ ಹಿತ್ತಾಳೆಯ ಫಲಕದಲ್ಲಿ ದೊರೆಯ ಪೂರ್ಣ ಹೆಸರು, ಬಿರುದು. ಅದರ ಪಕ್ಕದಲ್ಲಿ, “ಅವರ ನೆಚ್ಚಿನ ನಾಯಿ ಡ್ಯೂಕ್”. ಅದರ ಕೆಳಗೆ, “ಹೆಸರು ತಿಳಿಯದ ಕೂಲಿ ಹೆಂಗಸರು”.

ನಾನು ಎದ್ದು ಹೋಗಿ ಚಿತ್ರದ ಮುಂದೆ ನಿಂತೆ. ಮುಖ ಕಾಣುತ್ತಿದ್ದುದು ಕೆಲವೇ ಜನರದು. ಎಷ್ಟು ಹುಡುಕಿದರೂ ನನಗೆ ಅಜ್ಜಿ ಸಿಗಲಿಲ್ಲ. ನಾನು ಹುಡುಕುತ್ತಿದ್ದುದು ಪೊರೆಗಣ್ಣಿನ ಮುದುಕಿಯನ್ನು. ಅಷ್ಟರಲ್ಲಿ ರೀಟಾ ಬಂದು ಹಿಂದೆ ನಿಂತಳು.

“ಅಲ್ಲಿ ಕಣೇ, ಮೂರನೇ ಸಾಲು, ಕೊನೇಲಿ. ಒಬ್ಬಳೇ ತಲೆ ಎತ್ತಿದ್ದಾಳಲ್ಲ, ಆ ಹುಡುಗಿ. ಅಜ್ಜೀನೇ ಅದು.”

“ನಿಂಗೆ ಹೇಗೆ ಗೊತ್ತು? ನೀನು ಭಾನುವಾರ ಮಾತ್ರ ಬರ್ತಿದ್ದೋಳು. ಹದಿನೇಳು ವರ್ಷ ಪಕ್ಕದಲ್ಲಿ ಮಲಗಿದೋಳು ನಾನು!”

“ಅವಳು ನಾಯೀನ ನೋಡ್ತಿರೋದನ್ನ ನೋಡು ಜೆಸ್ಸಿ. ಬಾಗಿಲಲ್ಲಿ ನಿಂತ್ಕೊಂಡು ನೀನು ನನ್ನ ಹಾಗೇ ನೋಡ್ತಿದ್ದೆ. ಆ ನೋಟದ ಮುಂದೆ ಒಂದಿನಾನೂ ನಂಗೆ ಕಾಫಿ ಗಂಟಲಲ್ಲಿ ಇಳೀಲಿಲ್ಲ ಗೊತ್ತಾ? ಅಷ್ಟು ಕಹಿ. ನಿನ್ನ ಬೆಲ್ಲದ ಕಾಫಿ ಕೇಳಿದ್ರೆ ಅಜ್ಜಿ ಬೇಜಾರು ಮಾಡ್ಕೋತಾಳೆ ಅಂತ ಸುಮ್ಮನೆ ನುಂಗ್ತಿದ್ದೆ.”

ಅವಳೇ ಮೊದಲು ಗುರುತಿಸಿದಳೆಂಬುದಕ್ಕೂ ನನ್ನ ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವಳು ಹೇಳಿದ್ದು ನಿಜವಾಗಿತ್ತು. ಕ್ಯಾಮೆರಾದ ಕಡೆಗಲ್ಲ, ದೊರೆಯ ಕಡೆಗೂ ಅಲ್ಲ, ಆ ಹುಡುಗಿ ನೋಡುತ್ತಿದ್ದುದು ನಾಯಿಯ ಮುಂದಿನ ಬಸಿಯನ್ನು. ಎಡಗಾಲು ಮಡಚಿತ್ತು, ಬಲಗಾಲು ಚಾಚಿತ್ತು. ನಾನು ಆ ಸಾಲಿನ ಎಡತುದಿಗೆ ಬೆರಳಿಟ್ಟು ಎಣಿಸಿದೆ. ಎಣಿಸುತ್ತಿದ್ದಂತೆ ತುಟಿ ತಾನಾಗಿ ಆಡತೊಡಗಿತು: ಚೌರಮ್ಮ, ಅನ್ನಮ್ಮ, ಕೆಂಪಮ್ಮ, ಸಾಕಮ್ಮ, ಹುಸೇನ್‌ಬಿ, ದೇವೀರಮ್ಮ, ಮರಿಯಮ್ಮ. ಏಳು ಬಾಗಿದ ತಲೆಗಳಿಗೆ ಏಳು ಹೆಸರು ಸರಿಹೋದವು. ಎಂಟನೆಯವಳು ತಲೆ ಎತ್ತಿದವಳು. ಬಾಲ್ಯದಲ್ಲಿ ಯಾರ ಹಿಂದೆ ನನ್ನನ್ನು ನಿಲ್ಲಿಸಿದ್ದಕ್ಕಾಗಿ ಕರುಬಿದ್ದೆನೋ ಅವರು ಇವರು. ಅವರ ಹೆಸರನ್ನು ಯಾವ ಕಾಗದವೂ ಬರೆದುಕೊಳ್ಳದಿದ್ದಾಗ ಒಬ್ಬ ಹೆಂಗಸು ಪ್ರತಿ ಸಂಜೆ ನೋಯುವ ಮಂಡಿಯೂರಿ, ಅವರು ಕೂತ ಕ್ರಮ ತಪ್ಪದಂತೆ ಕಾಪಾಡಿದ್ದಳು. ಮೊದಲ ದರ್ಜೆಯನ್ನೆಲ್ಲ ಹೊರಗೆ ಕಳುಹಿಸಿಬಿಟ್ಟಳೆಂದು ನಾನು ದೂರುತ್ತಿದ್ದೆ. ಈ ಏಳನ್ನು ಅವಳು ಎಲ್ಲಿಗೂ ಕಳುಹಿಸಿರಲಿಲ್ಲ.

ನಿಮ್ಮ ವ್ಯವಸ್ಥಾಪಕರನ್ನು ಕರೆದು ಕೇಳಿದೆ. ಅವರು ಸೌಜನ್ಯದಿಂದಲೇ ಉತ್ತರಿಸಿದರು.

“ರೆಕಾರ್ಡ್ ಇಲ್ಲ ಮೇಡಂ. ಅವರೆಲ್ಲ ದಿನಗೂಲಿಯವರು.”

“ನಾಯಿಯ ಹೆಸರಿಗೆ ರೆಕಾರ್ಡ್ ಇತ್ತಾ?”

“ಅದು ಫೋಟೋ ಹಿಂದೆ ಬರೆದಿತ್ತಂತೆ ಮೇಡಂ.”

ನಾನು ಹೆಸರುಗಳನ್ನು ಬರೆದು ನಿಮ್ಮ ಕಚೇರಿಗೆ ಪತ್ರ ಕಳುಹಿಸಿದೆ. ಉತ್ತರವಾಗಿ ಒಂದು ಧನ್ಯವಾದದ ಕಾರ್ಡು ಬಂತು, ಜೊತೆಗೆ ಇಬ್ಬರಿಗೆ ಉಚಿತ ಕಾಫಿಯ ಚೀಟಿ. ಎರಡನೆಯ ಪತ್ರಕ್ಕೆ ಚೀಟಿಯೂ ಬರಲಿಲ್ಲ. ಲೂರ್ದಮ್ಮನಿಗೆ ಈಗ ತೊಂಬತ್ತು ದಾಟಿದೆ. ಕಣ್ಣು ಪೂರ್ತಿ ಹೋಗಿದೆ, ಹೆಸರುಗಳು ಹೋಗಿಲ್ಲ. ಚಿತ್ರದ ಸಂಗತಿ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು.

“ನಮ್ಮವ್ವನ ಎಸ್ರು ಹಾಕವ್ರಾ?”

ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಕುತ್ತಾರೆ ಎಂದೆ. ಆ ಮಾತನ್ನು ಉಳಿಸಿಕೊಳ್ಳುವ ಹೊಣೆ ಈಗ ನನ್ನದೂ ಹೌದು, ನಿಮ್ಮದೂ ಹೌದು.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ಕೋರಿಕೆ ಹೀಗಿದೆ. “ಹೆಸರು ತಿಳಿಯದ” ಎಂಬ ಪದಗಳನ್ನು ಫಲಕದಿಂದ ತೆಗೆಯಬೇಕು. ತಿಳಿಸಿದ ಮೇಲೂ ಅವು ಅಲ್ಲೇ ಇರುವುದು ಅಜ್ಞಾನವಲ್ಲ, ನಿರ್ಧಾರ. ನಿಮ್ಮ ಉಗ್ರಾಣದಲ್ಲಿ ಹಳೆಯ ಹಾಜರಿ ಪುಸ್ತಕಗಳೇನಾದರೂ ಉಳಿದಿದ್ದರೆ ಅವನ್ನು ಆ ಹೆಂಗಸರ ಮೊಮ್ಮಕ್ಕಳು ನೋಡುವಂತೆ ತೆರೆಯಬೇಕು. ಉಳಿದ ಸಾಲುಗಳಿಗೂ ಹೆಸರು ಕೊಡಬಲ್ಲ ಮನೆಗಳು ಈ ಊರಿನಲ್ಲಿ ಇನ್ನೂ ಇವೆ. ಫಲಕ ಬದಲಾದ ದಿನ ನಿಮ್ಮಲ್ಲೊಬ್ಬರು ನಜರ್‌ಬಾದಿಗೆ ಬಂದು ಅದನ್ನು ಲೂರ್ದಮ್ಮನಿಗೆ ಓದಿ ಹೇಳಬೇಕು, ಅವಳು ಕೇಳಿಸಿಕೊಳ್ಳಬಲ್ಲ ದಿನಗಳೊಳಗೆ. ಇವುಗಳಲ್ಲಿ ಯಾವುದನ್ನು ಎಂದು ಮಾಡುವಿರಿ, ಮಾಡದಿದ್ದರೆ ಏಕೆ ಮಾಡುವುದಿಲ್ಲ ಎಂಬುದನ್ನು ಲಿಖಿತವಾಗಿ, ಸಹಿ ಹಾಕಿ ತಿಳಿಸಬೇಕು. ನಾಯಿಯ ಹೆಸರನ್ನು ಅಳಿಸಿರೆಂದು ನಾನು ಕೇಳುತ್ತಿಲ್ಲ. ಅದಕ್ಕೆ ಬಳಸಿದ ಅಳತೆಯ ಅಕ್ಷರಗಳಲ್ಲೇ, ಕ್ರಮ ಕೆಡಿಸದೆ, ನಡುವೆ ಯಾರನ್ನೂ ಎಬ್ಬಿಸದೆ ಬರೆಯಿರಿ. ಮೂರನೆಯ ಸಾಲು, ಎಡದಿಂದ ಬಲಕ್ಕೆ: ಚೌರಮ್ಮ, ಅನ್ನಮ್ಮ, ಕೆಂಪಮ್ಮ, ಸಾಕಮ್ಮ, ಹುಸೇನ್‌ಬಿ, ದೇವೀರಮ್ಮ, ಮರಿಯಮ್ಮ; ತಲೆ ಎತ್ತಿರುವವಳು ಲೂರ್ದಮ್ಮ.